ಚಿಕ್ಕಪ್ಪನ ತೀರ್ಪು

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎಂದು ಮನೆಮಂದಿಯೆಲ್ಲ ಒಮ್ಮತದಿಂದ ತೀರ್ಮಾನಿಸಿ ಮೂರು ವರ್ಷವಾಯಿತು. ಒಪ್ಪದವರು ಇಬ್ಬರೇ. ಒಬ್ಬರು ಸ್ವತಃ ಚಿಕ್ಕಪ್ಪ, ಇನ್ನೊಬ್ಬ ನಾನು. ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲದ ಕಾರಣ ತೀರ್ಮಾನ ಹಾಗೇ ಊರ್ಜಿತದಲ್ಲಿದೆ!

ಸತ್ಯಮಂಗಲಕ್ಕೂ ತಾಳವಾಡಿಗೂ ನಡುವೆ ಬಸ್ ಕಂಡಕ್ಟರಾಗಿ ಆಯುಷ್ಯ ಕಳೆದು ನಿವೃತ್ತರಾದ ಮೇಲೆ ಅವರು ತಾಳವಾಡಿ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟರು. ಚಾಮರಾಜನಗರದಿಂದ ಸರಕು ತರುವವನು ಒಮ್ಮೆ ಪೆನ್ನು, ಬಲೂನುಗಳ ಜೊತೆಗೆ ಒಂದು ಪೆಟ್ಟಿಗೆ ಚಿತ್ರದ ಕಾರ್ಡುಗಳನ್ನೂ ಇಳಿಸಿಹೋದ. ಒಂದೊಂದರಲ್ಲೂ ಒಂದೊಂದು ವಿಚಿತ್ರ ಪ್ರಾಣಿ, ಕೆಳಗೆ ಅದರ ಬಲಾಬಲ. ಬೇಡದ್ದನ್ನು ಬೇರೆಯವರಿಗೆ ಕೊಟ್ಟು, ಬೇಕಾದ್ದನ್ನು ಪಡೆದು, ಸ್ವಂತದ್ದೊಂದು ಕಟ್ಟು ಮಾಡಿಕೊಂಡು ಎದುರಾಳಿಯ ಮೇಲೆ ಯುದ್ಧಕ್ಕೆ ಹೋಗಬೇಕು. ಊರವರು ಚಿತ್ರ ನೋಡಿ ಸುಮ್ಮನಾದರು. ಚಿಕ್ಕಪ್ಪ ಮಾತ್ರ ಪೆಟ್ಟಿಗೆಯ ತಳದಲ್ಲಿದ್ದ ನಿಯಮಗಳ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಒಂದು ತಿಂಗಳು ಓದಿದರು. ಅಷ್ಟು ಶ್ರದ್ಧೆಯಿಂದ ಹತ್ತನೇ ಕ್ಲಾಸು ಓದಿದ್ದರೆ ಕಲೆಕ್ಟರಾಗುತ್ತಿದ್ದರು ಎನ್ನುವುದು ಚಿಕ್ಕಮ್ಮನ ವಾದ.

ಆಮೇಲೆ ಶುರುವಾಯಿತು ಭಾನುವಾರದ ಪಂದ್ಯ. ಜೆರಾಕ್ಸ್ ಯಂತ್ರಕ್ಕೆ ದುಪ್ಪಟಿ ಹೊದಿಸಿ, ನಾಲ್ಕು ಮೇಜು ಹಾಕಿ, ಚೀಟಿ ಎತ್ತಿ ಜೋಡಿ ಮಾಡುವರು. ಎರಡು ಸೀಟಿ ಊದಿದರೆ ಆಟ ಶುರು, ಒಂದು ಊದಿದರೆ ಬಂದ್. ಬಸ್ಸಿನಲ್ಲಿ ಕಲಿತ ವಿದ್ಯೆ ಎಲ್ಲಿ ಹೋದೀತು? ಬಾಗಿಲಲ್ಲಿ ನಿಂತವರನ್ನು ಒಳಗೆ ಜಾಗ ಇಲ್ಲದಿದ್ದರೂ ಒಳಕ್ಕೇ ಕಳಿಸುವರು.

ಅಂಗಡಿಯಲ್ಲಿ ಕಾರ್ಡಾಟ ನಡೆಯುತ್ತಿದೆ ಎಂದು ಯಾರೋ ಹೇಳಿ ಒಮ್ಮೆ ಪೊಲೀಸಿನವರೊಬ್ಬರು ಬಂದರು. ಸುತ್ತು ಮುಗಿಯುವವರೆಗೆ ಮಾತಾಡುವಂತಿಲ್ಲ ಎಂದು ಚಿಕ್ಕಪ್ಪ ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು. ಸುತ್ತು ಮುಗಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ಮೂರು ತಲೆಯ ಹಾವು ದೊಡ್ಡದೋ, ರೆಕ್ಕೆ ಇರುವ ಹುಲಿ ದೊಡ್ಡದೋ?

ಎಡವಟ್ಟಾದದ್ದು ಕಳೆದ ವರ್ಷ. ಕೊನೆಯ ಸುತ್ತಿನಲ್ಲಿ ಎದುರುಬದುರು ಕೂತವರು ತಾಳಮಲೆಯ ನಿವೃತ್ತ ಹೆಡ್‌ಮಾಸ್ಟರು ಮತ್ತು ಟೈಲರ್ ಶಿವಮ್ಮ. ಶಿವಮ್ಮ ಮೊದಲ ಸಲ ಬಂದದ್ದು ಜೆರಾಕ್ಸಿಗೆ. ಆಟ ನೋಡುತ್ತ ಕೂತವರು ಆಮೇಲೆ ಏಳಲೇ ಇಲ್ಲ. ಹೆಡ್‌ಮಾಸ್ಟರು ಒಂದು ಪ್ರಾಣಿಯನ್ನು ಮೇಜಿಗೆ ಇಳಿಸಿ, ಅದೇ ಸರದಿಯಲ್ಲಿ ದಾಳಿಗೆ ಬಿಟ್ಟರು. ಈಗ ತಾನೇ ಇಳಿದ ಪ್ರಾಣಿ ಒಂದು ಸರದಿ ಕಾಯಬೇಕು ಎಂದು ಚಿಕ್ಕಪ್ಪ ತಡೆದರು. ಇದಕ್ಕೆ ವಿನಾಯಿತಿ ಇದೆ ಎಂದು ಹೆಡ್‌ಮಾಸ್ಟರು ವಾದಿಸಿದರು. ಚಿಕ್ಕಪ್ಪ ಬಗ್ಗಲಿಲ್ಲ. ಶಿವಮ್ಮ ಗೆದ್ದರು. ಹೆಡ್‌ಮಾಸ್ಟರು ಚಪ್ಪಲಿ ಮೆಟ್ಟಿ ಹೊರಟವರು ತಿರುಗಿ ನೋಡಲಿಲ್ಲ.

ಮಂಗಳವಾರ ಚಿಕ್ಕಪ್ಪ ಭೂತಗನ್ನಡಿ ಹಿಡಿದು ಅಂಗಡಿಯಲ್ಲಿದ್ದ ಅಂಥದ್ದೇ ಇನ್ನೊಂದು ಕಾರ್ಡಿನ ಕೊನೆಯ ಸಾಲನ್ನು ಓದಿದರು. ಇರುವೆ ಸಾಲಿನಂಥ ಅಕ್ಷರದಲ್ಲಿ ವಿನಾಯಿತಿ ಇದ್ದೇ ಇತ್ತು!

ಬೇರೆ ಯಾರಾದರೂ ಆಗಿದ್ದರೆ ಭೂತಗನ್ನಡಿಯನ್ನು ಬಚ್ಚಿಟ್ಟು ಸುಮ್ಮನಾಗುತ್ತಿದ್ದರು. ಚಿಕ್ಕಪ್ಪ ಅನ್ನ ಬಿಟ್ಟರು. ನೇರ ಶಿವಮ್ಮನ ಹೊಲಿಗೆ ಅಂಗಡಿಗೆ ಹೋಗಿ, ನಿನ್ನ ಗೆಲುವು ನನ್ನ ತಪ್ಪಿನಿಂದ ಬಂದದ್ದು, ಹೆಡ್‌ಮಾಸ್ಟರಿಗೆ ಹೇಳಿಬರಲು ಹೊರಟಿದ್ದೇನೆ ಎಂದರು. ಶಿವಮ್ಮ ಹೊಲಿಗೆ ನಿಲ್ಲಿಸಿ, ಹಾಗಾದರೆ ನಾನೂ ತಾಳಮಲೆಗೆ ಬರುತ್ತೇನೆ ಎಂದರು. ಸಾಕ್ಷಿಗೆಂದು ಚಿಕ್ಕಪ್ಪ ನನ್ನನ್ನೂ ಬಸ್ಸು ಹತ್ತಿಸಿದರು.

ಹೆಡ್‌ಮಾಸ್ಟರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮನೆಯವರೆಲ್ಲ ನೋಡುತ್ತಿದ್ದಂತೆ ಚಿಕ್ಕಪ್ಪ ನಿಂತೇ ಹೇಳಿದರು.

"ಸಾ, ನೀವು ಏಳಿದ್ ಮಾತೇ ಸರಿ. ತೆಪ್ಪು ನಂದು."

ಹೆಡ್‌ಮಾಸ್ಟರು ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದರು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅಂಗಾದ್ರೆ ಅಲ್ಲಿಂದ್ಲೇ ಮುಂದಕ್ಕೆ ಆಡಾನ."

ಯಾವ ಕಾರ್ಡು ಎಲ್ಲಿತ್ತೆಂದು ಇಬ್ಬರಿಗೂ ಚಾಚೂ ತಪ್ಪದೆ ನೆನಪಿತ್ತು. ಜಗಲಿಯ ಮೇಲೆ ಜೋಡಿಸಿದರು. ಹೆಡ್‌ಮಾಸ್ಟರ ಪ್ರಾಣಿ ಈ ಸಲ ನ್ಯಾಯವಾಗಿ ದಾಳಿ ಮಾಡಿತು. ಶಿವಮ್ಮ ಒಂದು ಆಮೆಯನ್ನು ಅಡ್ಡ ಇಟ್ಟರು. ಮುಂದಿನ ಎರಡೇ ಸರದಿಯಲ್ಲಿ ಹೆಡ್‌ಮಾಸ್ಟರು ಮತ್ತೆ ಸೋತರು! ನ್ಯಾಯ ಕೇಳಿ ಎರಡು ಸಲ ಸೋತವರನ್ನು ನಾನು ಅದೇ ಮೊದಲು ನೋಡಿದ್ದು. ಮನುಷ್ಯ ದೊಡ್ಡವರು. ಕಾಫಿ ಕುಡಿಸಿ, ಭಾನುವಾರ ಬರುತ್ತೇನೆಂದು ಹೇಳಿಯೇ ಕಳಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಶಿವಮ್ಮ ಇದ್ದಕ್ಕಿದ್ದಂತೆ ಕೇಳಿದರು.

"ಅಣ್ಣ, ನೀವು ಆಡಿದ್ದ ನಾನು ಒಂದಿನಾನೂ ನೋಡ್ನಿಲ್ಲ. ಯಾಕೆ?"

ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿದರು.

"ಯಾರೂ ಕರೀನಿಲ್ಲ ಕವ್ವ."

ಅಷ್ಟೇ. ದೂರಿನ ದನಿಯೂ ಇರಲಿಲ್ಲ. ಎರಡು ವರ್ಷ ಅವರ ಮೇಜಿನಲ್ಲಿ ಆಡಿದವರು ನಾವು, ಅವರ ತೀರ್ಪಿಗೆ ಜಗಳ ತೆಗೆದವರು ನಾವು. ಬನ್ನಿ, ಒಂದು ಕೈ ನೀವೂ ಆಡಿ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಅವರ ಪಕ್ಷದವನೆಂದು ಬೀಗುತ್ತಿದ್ದ ನನಗೂ!

ಶಿವಮ್ಮ ರವಿಕೆ ಬಟ್ಟೆಯಲ್ಲಿ ಹೊಲಿದ ಚೀಲದಿಂದ ಕಾರ್ಡು ತೆಗೆದು, ಅರ್ಧ ಮಾಡಿ ಅವರ ಮುಂದೆ ಹಿಡಿದರು. ಚಿಕ್ಕಪ್ಪ ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡು ಇಸಿದುಕೊಂಡರು. ಕಾರ್ಡುಗಳು ಸಣ್ಣಗೆ ನಡುಗುತ್ತಿದ್ದವು. ಕಾಡಿನ ರಸ್ತೆ, ಬಸ್ಸು ಕುಲುಕುತ್ತದೆ ಎಂದುಕೊಳ್ಳಬಹುದಿತ್ತು. ಆದರೆ ಬಸ್ಸು ಆಗ ಚೆಕ್‌ಪೋಸ್ಟಿನಲ್ಲಿ ನಿಂತಿತ್ತು.