ಕುಂಯ್ ಅನ್ನೋ ಕಾರು, ಬಾಗಲಾ ಇಲ್ಲದ ಜೀಪು

ಓಣ್ಯಾಗ ಯಾರರೆ ಹೊಸಾ ವಸ್ತು ತಂದರ ಸಾಕು, ನನಗೊಂದು ಫಜೀತಿ ಕಟ್ಟಿಟ್ಟದ್ದು. ಹೊಟ್ಟಿಕಿಚ್ಚು ನನ್ನ ಜಡ್ಡು ಅಂತಾಳ ನನ್ನಾಕಿ. ಜಡ್ಡಲ್ಲ, ಅದು ನನ್ನ ಇಂಜಿನ್ನು.

೧. ಕಬ್ಬಿನ ತಿರುವು

ಎಂಬತ್ತರ ದಶಕದಾಗ ಶೇಡಬಾಳದಿಂದ ಅಥಣಿಗೆ ಮಂದೀನ್ನ ಹೇರತಿದ್ದ ಜೀಪು ನಂದು. ಬಾಗಲಾ ಇರಲಿಲ್ಲ. ಸಣ್ಣ ಹುಡುಗರನ್ನ ಅವರವ್ವನ ಸೆರಗಿಗೆ ಕಟ್ಟಿ, ಸೆರಗನ್ನ ಸೀಟಿಗೆ ಕಟ್ಟತಿದ್ದೆ. ಒಂದು ಕೂಸೂ ಬಿದ್ದಿಲ್ಲ. ದೊಡ್ಡವರ ಜವಾಬ್ದಾರಿ ನಂದಲ್ಲ.

ಒಮ್ಮೆ ತಿರುವಿನಾಗ ಒಬ್ಬ ಗೌಡರು ಕಬ್ಬಿನ ಹೊಲದಾಗ ಉದುರಿಬಿಟ್ಟರು. ನಾವು ಅಥಣಿ ಮುಟ್ಟೂದರಾಗ ಅವರು ಸ್ಟ್ಯಾಂಡಿನಾಗ ಚಾ ಕುಡೀತಾ ಕುಂತಿದ್ದರು. ಧೋತರದಾಗ ಇನ್ನೂ ಕಬ್ಬಿನ ಒಣಾ ಎಲಿ, ರವದಿ, ಸಿಕ್ಕೊಂಡಿತ್ತು. "ತಮ್ಮಾ, ಬಿದ್ದದ್ದು ಚಲೋ ಆತು. ನಡಕೊಂಡ ನಿಮಗಿಂತ ಲಗೂ ಬಂದೆ," ಅಂದರು.

೨. ಚಪ್ಪಾಳಿ ಕೀಲಿ

ತೊಂಬತ್ತರ ದಶಕದ ಕೊನೀಗೆ ಎದುರುಮನಿ ದ್ರಾಕ್ಷಿ ಸಾವಕಾರ ಕಾರು ತಂದ. ಮಾಳಿಗಿ ಮ್ಯಾಲ ನಿಂತು ಅಂಗೈಯಾಗಿನ ಗುಂಡಿ ಒತ್ತಿದರ ಕೆಳಗಿನ ಕಾರು ಕುಂಯ್ ಅಂತ ತಾನ ಕೀಲಿ ಹಾಕ್ಕೊಳ್ಳತಿತ್ತು. ದಿನಾ ನನ್ನ ನೋಡೇ ಒತ್ತತಿದ್ದ. ನನಗ ರೊಟ್ಟಿ ಒಳಗ ಇಳೀಲಿಲ್ಲ.

ನಮ್ಮ ಜೀಪಿಗೆ ಗುಂಡೀನೂ ಬ್ಯಾಡ, ಚಪ್ಪಾಳಿ ಸಾಕು ಅಂದುಬಿಟ್ಟೆ. ಓಣಿ ಕೂಡಿತು. ಚಪ್ಪಾಳಿ ಹೊಡದೆ, ಜೀಪು ಪೋಂ ಅಂತು. ಮತ್ತ ಹೊಡದೆ, ಮತ್ತ ಪೋಂ. ಸಾವಕಾರನ ಮಾರಿ ಹುಳಿ ದ್ರಾಕ್ಷಿ ಆತು. ಮೂರನೇ ಚಪ್ಪಾಳಿಗೆ ಸ್ಟೇರಿಂಗ್ ಕೆಳಗಿಂದ ನನ್ನಾಕಿ ಎದ್ದು ನಿಂತಳು.

"ಒಲಿ ಮ್ಯಾಲ ರೊಟ್ಟಿ ಹೊತ್ತಾಕತ್ತಾವ. ಇನ್ನ ನೀವ ಒದರ್ಕೋರಿ."

೩. ಒಳಗಿನ ಕಿಚ್ಚು

ಅದ ವರ್ಷದ ಬ್ಯಾಸಗ್ಯಾಗ, ಸುಡು ಮಧ್ಯಾಹ್ನ, ಸಾವಕಾರನ ನಾಕು ವರ್ಷದ ಮೊಮ್ಮಗ ಕೀಲಿ ಹಿಡಕೊಂಡು ಕಾರಿನಾಗ ಕುಂತು ಗುಂಡಿ ಒತ್ತಿಬಿಟ್ಟ. ನಾಕೂ ಬಾಗಲಾ ಬಂದ್. ಇನ್ನೊಂದು ಕೀಲಿ ಮಿರಜಿಗೆ ಹೋದ ಮಗನ ಕಿಸೆದಾಗ. ಹುಡುಗ ಬೆವತು ಕೆಂಪಗಾಗಿದ್ದ. ಸಾವಕಾರ ಗ್ಲಾಸು ಒಡ್ಯಾಕ ಕಲ್ಲು ಎತ್ತಿದ. ಯಾವ ಕಡೆ ಹೋದರೂ ಹುಡುಗ ಅದ ಗ್ಲಾಸಿಗೆ ಮೂಗು ಹಚ್ಚಿ ನಿಂದರತಿದ್ದ. ಒತ್ತೋ ಬಂಗಾರ ಅಂತ ಅಜ್ಜ ಕೈಮುಗಿದ. ಹುಡುಗ ಒತ್ತಿದ, ತೆರೀತು. ಮಂದಿ ಕೈ ಹಾಕೂದರಾಗ ನಕ್ಕೋತ ಮತ್ತ ಒತ್ತಿದ. ಓಣಿ ಎಲ್ಲಾ ತನ್ನ ಸುತ್ತ ಕುಣ್ಯಾಕತ್ತಿದ್ದರ ಅವ ಯಾಕ ಹೊರಗ ಬಂದಾನು?

ಹೊಟ್ಟಿಕಿಚ್ಚಿನ ಮರ್ಮ ನನಗಿಂತ ಬಲ್ಲವರು ಯಾರು? ಜೀಪನ್ನ ಕಾರಿನ ಮಗ್ಗಲಿಗೆ ತಂದೆ. ನನ್ನ ಮೊಮ್ಮಗಳನ್ನ ಸ್ಟೇರಿಂಗ್ ಮುಂದ ಕುಂದರಿಸಿ ಹಾರ್ನ್ ಹೊಡಿ ಅಂದೆ. "ಎಲ್ಲಾರೂ ಕಾರಿಗೆ ಬೆನ್ನು ಮಾಡ್ರಿ. ಈಕೀಗೆ ಚಪ್ಪಾಳಿ ಹೊಡೀರಿ." ಸಾವಕಾರನೂ ಅಳಕೋತ ಹೊಡದ.

ಒಳಗಿನ ನಗು ನಿಂತಿತು. ಕಾರು ಕುಂಯ್ ಅಂತು. ಹುಡುಗ ತಾನ ಬಾಗಲಾ ನೂಕಿ ಓಡಿಬಂದ. "ಆಕೀನ್ನ ಇಳಸ್ರಿ. ನಾ ಹೊಡೀತೀನಿ."

ಸಾವಕಾರ ನನ್ನ ಕಾಲು ಹಿಡದ. ಕೈ ಹಿಡದ ಅಂತಾರ ಮಂದಿ, ಅವರಿಗೇನು ಗೊತ್ತು.

ಮರುದಿನದಿಂದ ಹುಡುಗ ಅಂಗನವಾಡಿಗೆ ನನ್ನ ಜೀಪಿನಾಗ ಹೊಂಟ. ಸಾವಕಾರ ಖಾಲಿ ಕಾರು ತಗೊಂಡು ಹಿಂದಿಂದ ಬರತಿದ್ದ. ಕನ್ನಡ್ಯಾಗ ಅವನ ಮಾರಿ ನೋಡಿದೆ. ರೊಟ್ಟಿ ಇಳೀಲಾರದ ಮಾರಿ. ನನಗ ಭಾಳ ಪರಿಚಯದ್ದು.

ಎಂಟನೇ ದಿನ ಅವ ಕಾರನ್ನ ಚಿಕ್ಕೋಡಿಯ ಗಾಡಿ ರಿಪೇರಿ ಮೇಸ್ತ್ರಿ ಮುಂದ ನಿಲ್ಲಿಸಿ ಕೇಳಿದನಂತ: "ಈ ನಾಕೂ ಬಾಗಲಾ ಬಿಚ್ಚಾಕ ಬರತೈತೇನ್ರಿ?"