ಊರು ಖಾಲಿ ಮಾಡಿಸಿದ ಪರ್ಕಿಸ್

ನೆದರ್‌ಕೋಂಬ್ ಹಳ್ಳಿಯ ಜನರೆಲ್ಲ ಒಂದು ಮುಂಜಾನೆ ಮಾಯವಾಗಬೇಕಿತ್ತು. ಕ್ಲೆಮೆಂಟ್ ಪರ್ಕಿಸ್‌ನ ತಾಪತ್ರಯವೆಲ್ಲ ಶುರುವಾದದ್ದು ಅದರಿಂದಲೇ.

ಪರ್ಕಿಸ್ ಲಂಡನ್ನಿನ ಟಿ.ವಿ. ಕಂಪನಿಯೊಂದಕ್ಕೆ ಚಿತ್ರೀಕರಣದ ಜಾಗ ಹುಡುಕಿಕೊಡುವವನು. ಅನ್ಯಗ್ರಹದವರು ಬಂದಿಳಿದು ಊರಿಗೆ ಊರನ್ನೇ ಮಾಯ ಮಾಡುವ ಧಾರಾವಾಹಿ ಅದು. ಹಿಂದಿನ ಸಲ ಅವನು ಹುಡುಕಿದ್ದ ಚಂದ್ರಲೋಕದೊಳಗೆ ಕುರಿಮಂದೆ ನುಗ್ಗಿತ್ತು. ಈ ಸಲವೂ ಎಡವಟ್ಟಾದರೆ ಕೆಲಸಕ್ಕೆ ಸಂಚಕಾರ ಎಂದು ನಿರ್ದೇಶಕಿ ಮಿಸ್ ಲೋಮ್ಯಾಕ್ಸ್ ಖಡಾಖಂಡಿತವಾಗಿ ಹೇಳಿದ್ದರು.

ಮಂಜು ಮಾತ್ರ ಅವನ ಪರವಾಗಿತ್ತು. ಚರ್ಚಿನ ಗೋಪುರ ಬುಡವಿಲ್ಲದೆ ತೇಲುತ್ತಿತ್ತು. ಬೀದಿ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಯಾರದೋ ಕನಸಿನೊಳಗೆ ಕಾಲಿಟ್ಟೆನೇನೋ ಎಂದು ಪರ್ಕಿಸ್ ಮೈಮರೆತ.

ಕ್ಯಾಮೆರಾ ಶುರುವಾಯಿತು. ಅಂಚೆಕಚೇರಿಯ ಬಾಗಿಲು ತೆರೆದು ಮಿಸೆಸ್ ಥ್ರಪ್ ಹೊರಬಂದರು, ಮದುವೆಗೆ ಹಾಕುವ ಹ್ಯಾಟಿನ ಸಮೇತ.

"ಅಮ್ಮಾ, ಒಳಗಿರಿ ಅಂದಿದ್ನಲ್ಲ!" ಎಂದ ಪರ್ಕಿಸ್.

"ಒಳಗೇ ಇದ್ದೆ ಕಣಪ್ಪಾ. ಬೀದಿ ಸರಿಯಾಗಿ ಖಾಲಿ ಕಾಣುತ್ತಾ ಅಂತ ನೋಡೋಕ್ ಬಂದೆ ಅಷ್ಟೆ."

ಎರಡನೇ ಸಲ ಪಾದ್ರಿಗಳು ಚಹದ ತಟ್ಟೆ ಹಿಡಿದು ಬಂದರು. "ಪಾಪ, ಚಳೀಲಿ ನಿಂತಿದ್ದೀರಲ್ಲ." ಮೂರನೇ ಸಲ ನಿವೃತ್ತ ಮೇಜರ್ ಬ್ಲೈಥ್ ಬೀದಿಯ ನಡುವೆ ನಿಂತು, "ಯಾರೂ ಹೊರಗೆ ಬರಬಾರ್ದು!" ಎಂದು ಗರ್ಜಿಸಿದರು. ಏನಾಯಿತೆಂದು ಕೇಳಲು ಊರೆಲ್ಲ ಹೊರಗೆ ಬಂತು.

ಮಂಜು ಕರಗತೊಡಗಿತು. ಪರ್ಕಿಸ್ ತಂಡದ ಬಸ್ಸನ್ನೇ ತರಿಸಿ, "ಎಲ್ಲರಿಗೂ ಪುಕ್ಕಟೆ ಸಮುದ್ರತೀರ!" ಎಂದು ಸಾರಿಬಿಟ್ಟ. ಹತ್ತು ನಿಮಿಷದಲ್ಲಿ ನಾಯಿಗಳೂ ಬಸ್ಸು ಹತ್ತಿದ್ದವು.

ಆಮೇಲೆ ತೆಗೆದದ್ದು ಸ್ವಪ್ನದಂಥ ದೃಶ್ಯ. ಬಿಳಿಯ ಮೌನದಲ್ಲಿ ಗೇಟೊಂದು ತನ್ನಷ್ಟಕ್ಕೆ ತೂಗುತ್ತಿತ್ತು. ಮಿಸ್ ಲೋಮ್ಯಾಕ್ಸ್ ಕಣ್ಣೊರೆಸಿಕೊಂಡು, "ಪರ್ಕಿಸ್, ನಿನ್ನ ಕೆಲಸ ಗಟ್ಟಿ" ಎಂದರು. ಪರ್ಕಿಸ್ ಹಿರಿಹಿರಿ ಹಿಗ್ಗಿದ.

ಅಷ್ಟರಲ್ಲಿ ಬೀದಿಬದಿಯ ಕೆಂಪು ಫೋನ್ ಗೂಡಿನಲ್ಲಿ ಗಂಟೆ ಮೊಳಗಿತು. ಲಂಡನ್ನಿನ ದೊಡ್ಡ ಸಾಹೇಬರು. ಮಾತು ಮುಗಿಸಿ ಬಂದ ಮಿಸ್ ಲೋಮ್ಯಾಕ್ಸ್‌ರ ಮುಖ ಸಪ್ಪಗಾಗಿತ್ತು.

"ಲಂಡನ್ ಬೀದಿ ಖಾಲಿ ಇದ್ರೆ ಜನ ಹೆದರ್ತಾರಂತೆ. ಹಳ್ಳಿ ಬೀದಿ ಖಾಲಿ ಇದ್ರೆ, ಊಟ ಮಾಡಿ ಮಲಗಿದ್ದಾರೆ ಅಂದ್ಕೋತಾರಂತೆ! ಖಾಲಿ ಬೀದಿ ಅಲ್ಲೇ ತೆಗೀತಾರೆ. ಇಲ್ಲಿ ಊರು ತುಂಬಾ ಜನ ಕಿರುಚ್ಕೊಂಡು ಓಡ್ಬೇಕು. ಇವತ್ತು ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ನೀನು ಮನೆಗೆ. ಕರಿ, ಎಲ್ಲಿ ನಿನ್ನ ಜನ?"

ಮಧ್ಯಾಹ್ನವೆಲ್ಲ ಪರ್ಕಿಸ್ ಒಬ್ಬನೇ ಊರಾದ. ವೇಷದ ಪೆಟ್ಟಿಗೆಯಿಂದ ಒಮ್ಮೆ ಕೋಟು, ಒಮ್ಮೆ ಲಂಗ ತೊಟ್ಟು ಕಿರುಚುತ್ತ ಓಡಿದ.

"ಒಬ್ಬನೇ ಕಾಣ್ತೀಯಲ್ಲೋ! ಗುಂಪಾಗಿ ಓಡು!" ಎಂದು ನಿರ್ದೇಶಕಿ ಕೂಗಿದರು.

ಇಳಿಹೊತ್ತಿನ ಹೊಂಬಿಸಿಲಲ್ಲಿ ಬಸ್ಸು ತೇಲಿ ಬಂದಂತೆ ಬಂತು. ಇನ್ನೊಂದು ಸಲ ತೆಗೆಯುವಷ್ಟು ಬೆಳಕಿತ್ತು. ಅರವತ್ತು ಜನ ಇಳಿದರು. ಕೂಗಿ ಕೂಗಿ ಗಂಟಲು ಕಟ್ಟಿದ್ದ ಪರ್ಕಿಸ್ ಆನಂದಬಾಷ್ಪ ಸುರಿಸುತ್ತ, ಎರಡೂ ಕೈ ಬೀಸುತ್ತ ಅವರತ್ತ ಓಡಿದ. ಬಾಯಿಂದ ಬರೀ ಗಾಳಿ ಬಂತು.

ಮಿಸೆಸ್ ಥ್ರಪ್ ಕ್ಯಾಮೆರಾ ಕಂಡರು. "ಅಯ್ಯೋ, ಇನ್ನೂ ತೆಗೀತಾನೇ ಇದ್ದಾರೆ! ಬೆಳಿಗ್ಗೆ ಪಾಪ ಇವರನ್ನ ಎಷ್ಟು ಗೋಳು ಹೊಯ್ಕೊಂಡ್ವಿ. ನಡೀರಿ ಒಳಗೆ! ಒಬ್ರೂ ಮುಖ ತೋರಿಸ್ಕೂಡದು!"

ನೋಡನೋಡುತ್ತಿದ್ದಂತೆ ಬೀದಿ ಖಾಲಿಯಾಯಿತು. ಕಿಟಕಿಯ ಪರದೆಗಳು ಇಳಿದವು. ಪರ್ಕಿಸ್ ಹುಚ್ಚನಂತೆ ಅಂಚೆಕಚೇರಿಯ ಬಾಗಿಲು ಬಡಿದ.

ಒಳಗಿಂದ ಮಿಸೆಸ್ ಥ್ರಪ್ ಅಕ್ಕರೆಯಿಂದ ಪಿಸುಗುಟ್ಟಿದರು:

"ನಾವಿಲ್ಲ ಕಣಪ್ಪಾ."