ಕಂಪ್ಯೂಟರಿನಿಂದ ಕ್ಯಾಸೆಟ್ಟಿಗೆ ಇಳಿದ ಮಂಗಳವಾದ್ಯ

ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಳ್ಳಬಾರದು, ಯಾವ ಕೆಲಸವನ್ನೂ ಆಗದು ಎಂದವನ ಮಾತಿಗೆ ಬಿಡಬಾರದು. ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು ಹಳಿಯಾಳದ ಓಣಿ ಓಣಿ ಸುತ್ತಿದ ನಾನು ದಾಂಡೇಲಿಯಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟದ್ದು ಈ ಎರಡು ಸೂತ್ರಗಳಿಂದ. ಕೇಳದವರಿಗೂ ಇದನ್ನು ಹೇಳುತ್ತೇನೆ. ಕೇಳುವವರು ಸಿಗಲೆಂದು ಕಾಯುತ್ತ ಕೂತರೆ ಸಲಹೆ ಹಳಸಿಹೋಗುತ್ತದೆ.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದೂ ಚೌಕಾಸಿಯಿಂದಲೇ. ಅಂಬಿಕಾನಗರದ ಕ್ವಾರ್ಟರ್ಸ್ ಬಿಟ್ಟು ವರ್ಗವಾಗಿ ಹೊರಟಿದ್ದ ಎಂಜಿನಿಯರೊಬ್ಬರ ಹಳೆಯ ಯಂತ್ರ ಅದು. ಇಂಥವರ ಮನೆಗೆ ಲಾರಿ ಬಾಗಿಲಿಗೆ ಬಂದು ನಿಂತ ಮೇಲೆ ಹೋಗಬೇಕು. ಆಗ ಕೊಳ್ಳುವವನದೇ ದರ್ಬಾರು. ಜೊತೆಗೆ ಬಿಟ್ಟಿಯಾಗಿ ಗಿಟ್ಟಿಸಿದ ಸೀಡಿಯಲ್ಲಿ ವಾದ್ಯಗಳನ್ನು ಪರಿಚಯಿಸುವ ಒಂದು ಪ್ರೋಗ್ರಾಂ ಇತ್ತು. ಶಹನಾಯಿಯ ಚಿತ್ರ ಒತ್ತಿದರೆ ಮದುವೆಮನೆಯೇ ಕೋಣೆಯೊಳಗೆ ಬಂದಂತೆ ಊದುತ್ತಿತ್ತು. ಆದರೆ ಆ ನಾದ ಪ್ರೋಗ್ರಾಮಿನ ಹೊಸ್ತಿಲು ದಾಟುತ್ತಿರಲಿಲ್ಲ. ಪ್ರೋಗ್ರಾಂ ಮುಚ್ಚಿದರೆ ಶಹನಾಯಿಯೂ ಬಂದ್. ನಕಲು ಮಾಡಿಕೊಳ್ಳೋಣವೆಂದರೆ ಫೈಲೇ ಕೈಗೆ ಸಿಗದು.

ಅಷ್ಟರಲ್ಲಿ ಮುಂಡಗೋಡಿನ ಬಳಿಯ ಹಳ್ಳಿ ಇಂದೂರಿನಲ್ಲಿ ನನ್ನ ಹೆಂಡತಿಯ ತಮ್ಮ ಫಕ್ಕೀರಪ್ಪನ ಮಗಳ ಮದುವೆ ಬಂತು. ವರ ದಾಂಡೇಲಿಯ ಕಾಗದದ ಮಿಲ್ಲಿನವನು. ಶಹನಾಯಿ ಊದುವ ವಾಜಂತ್ರಿಯವರೊಂದಿಗೆ ಮಾತಾಡುವ ಹೊಣೆ ನನ್ನದಾಯಿತು. ನಾನು ಎಷ್ಟು ಚೆನ್ನಾಗಿ ಚೌಕಾಸಿ ಮಾಡಿದೆನೆಂದರೆ, ಅವರು ಕೈಮುಗಿದು ಎದ್ದು, ಅದೇ ಮುಹೂರ್ತದ ಮುಂಡಗೋಡಿನ ಇನ್ನೊಂದು ಮದುವೆಗೆ ಒಪ್ಪಿಕೊಂಡುಬಿಟ್ಟರು.

ಫಕ್ಕೀರಪ್ಪ ತಲೆಯ ಮೇಲೆ ಕೈಹೊತ್ತು ಕೂತ. "ಮಾವಾರ, ನಿಮ್ಮ ಚೌಕಾಸಿ ನನ್ನ ಮಗಳ ಮದುವಿ ಮೂಕ ಮಾಡ್ತಲ್ರಿ! ಅಕ್ಕಿಕಾಳು ಬೀಳೂ ಹೊತ್ತಿಗೆ ಸನಾದಿ ಊದಲಿಲ್ಲಂದ್ರ ಬೀಗರ ಮುಂದ ಹೆಂಗ ಮಾರಿ ಎತ್ತಲಿ?"

"ವಾದ್ಯ ನಾ ತರ್ತೇನಿ, ನೀ ಚಪ್ಪರ ಹಾಕು" ಎಂದೆ. ಅಂಗಡಿಯಲ್ಲಿ ಸಿದ್ಧ ಕ್ಯಾಸೆಟ್ ಸಿಗುತ್ತಿರಲಿಲ್ಲವೇ ಎನ್ನಬೇಡಿ. ಸಿಗುತ್ತಿತ್ತು. ಮನೆಯಲ್ಲೇ ಶಹನಾಯಿ ಇಟ್ಟುಕೊಂಡು ಪೇಟೆಗೆ ಹೋಗುವುದು ನನ್ನ ಸ್ವಭಾವದಲ್ಲಿಲ್ಲ.

ಮದುವೆಗೆ ಒಂದು ವಾರವಿರುವಾಗ, ಮೊದಲು ಕಂಪ್ಯೂಟರಿನ ಸ್ಪೀಕರಿನ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಗುಂಡಿ ಒತ್ತಿದೆ. ಕೇಳಿ ನೋಡಿದರೆ ಶಹನಾಯಿಯ ಜೊತೆಗೆ ನಮ್ಮ ಇಡೀ ಸಂಸಾರ ಸೇರಿಕೊಂಡಿತ್ತು: ಕುಕ್ಕರಿನ ಸೀಟಿ, ಪಾಳಿ ಬದಲಾಗುವಾಗ ಮಿಲ್ಲು ಊದುವ ಭೋಂಗಾ, ಅಡುಗೆಮನೆಯಿಂದ ಹೆಂಡತಿಯ ಕೂಗು. ಕ್ಯಾಸೆಟ್ಟನ್ನು ಅಷ್ಟಕ್ಕೇ ನಿಲ್ಲಿಸಿ ರೇಡಿಯೊ ರಿಪೇರಿಯವನ ಬಳಿಗೆ ಹೋದೆ. ಎರಡೂ ತುದಿಗೆ ಪಿನ್ ಇರುವ ಒಂದು ತಂತಿ ತಂದು, ಒಂದು ತುದಿಯನ್ನು ಕಂಪ್ಯೂಟರಿನ ಸ್ಪೀಕರ್ ತೂತಿಗೂ ಇನ್ನೊಂದನ್ನು ಟೇಪಿನ ಮೈಕ್ ತೂತಿಗೂ ಚುಚ್ಚಿದೆ. ಕೋಣೆ ನಿಶ್ಶಬ್ದವಾಯಿತು. "ಕೆಟ್ಟುಹೋತೇನ್ರಿ?" ಎಂದು ಹೆಂಡತಿ ಬಂದಳು. ಕೆಟ್ಟಿರಲಿಲ್ಲ, ಸದ್ದು ಗಾಳಿಗೆ ಬರದೆ ತಂತಿಯೊಳಗೆ ಹರಿಯುತ್ತಿತ್ತು. ನೀವೂ ಮಾಡುವುದಾದರೆ ನೆನಪಿಡಿ, ಕಂಪ್ಯೂಟರಿನ ದನಿ ಅರ್ಧಕ್ಕಿಂತ ಕೆಳಗಿರಲಿ, ಇಲ್ಲದಿದ್ದರೆ ಶಹನಾಯಿಗೆ ನೆಗಡಿಯಾಗುತ್ತದೆ. ಹೊಸ ಕ್ಯಾಸೆಟ್ ಏಕೆ ದಂಡವೆಂದು ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಗೆ ತುಂಬಿಸಿದೆ. ಮೊದಲ ಬದಿಯನ್ನು ಅಳಿಸಬೇಕೆಂದಿದ್ದೆ. ಗೆಲುವಿನ ಗುಂಗಿನಲ್ಲಿ ಮರೆತೆ.

ಮದುವೆಯ ದಿನ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಕೈ ಎತ್ತಿದೆ. ಸ್ಪೀಕರ್ ಸೆಟ್ಟಿನವನು ಗುಂಡಿ ಒತ್ತಿದ. ಶಹನಾಯಿ ಎಷ್ಟು ತಿಳಿಯಾಗಿ ಮೊಳಗಿತೆಂದರೆ, ವರನ ತಂದೆ ಕತ್ತು ಹೊರಳಿಸಿ "ವಾಜಂತ್ರಿಯವ್ರು ಎಲ್ಲೆ ಕುಂತಾರ್ರಿ?" ಎಂದು ಹುಡುಕಿದರು. ಫಕ್ಕೀರಪ್ಪನ ಎದೆ ಹಂದರದಷ್ಟು ಅಗಲವಾಯಿತು.

ಊಟದಲ್ಲಿ ಹೊಸ ಸಂಕಟ ಶುರುವಾಯಿತು. ಮೊದಲ ಪಂಕ್ತಿಯಲ್ಲಿ ಕೂತ ಮಿಲ್ಲಿನ ಬೀಗರು ಉಂಡು ಮುಗಿಸಿ, ಎಲೆಯ ಮುಂದೆಯೇ ಹರಟೆಗೆ ಬಿದ್ದರು. ನಮ್ಮ ಕಡೆಯ ಮುದುಕರು, ಹೆಣ್ಣುಮಕ್ಕಳು ಹಸಿದು ಬೆನ್ನ ಹಿಂದೆ ನಿಂತಿದ್ದಾರೆ. ಬೀಗರನ್ನು ಏಳಿ ಎನ್ನುವ ಗಂಡು ಯಾವ ಊರಿನಲ್ಲಿದ್ದಾನೆ? ಫಕ್ಕೀರಪ್ಪ ನನ್ನ ಕಿವಿಯಲ್ಲಿ, "ಮಾವಾರ, ಅನ್ನ ಆರಾಕತ್ತೈತಿ, ಏನರ ಮಾಡ್ರಿ" ಎಂದ. ಅದೇ ಹೊತ್ತಿಗೆ ಕ್ಯಾಸೆಟ್ ಮುಗಿದು, ಸೆಟ್ಟಿನವನು ಅದನ್ನು ಮಗುಚಿ ಹಾಕಿದ.

ಶಹನಾಯಿ ಬಂತು. ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ ಚಪ್ಪರಕ್ಕೆ ಕಟ್ಟಿದ್ದ ಎರಡು ಹಾರ್ನುಗಳಿಂದಲೂ ಮಿಲ್ಲಿನ ಭೋಂಗಾ ಊದಿತು!

ಇಡೀ ಪಂಕ್ತಿ ಒಂದೇ ಆಳಿನಂತೆ ಎದ್ದು ನಿಂತಿತು. "ಏಳ್ರೋ, ಪಾಳಿ ಆತು!" ಎಂದು ಒಬ್ಬ ಚಪ್ಪಲಿ ಹುಡುಕಿದ. ಕೈ ತೊಳೆಯುತ್ತಿದ್ದ ವರನ ತಂದೆಗೆ ಆಗ ಎಚ್ಚರವಾಯಿತು: "ಅಲೇ ಇವ್ನ, ಇಂದೂರಾಗ ಭೋಂಗಾ ಎಲ್ಲಿಂದ ಬಂತು?" ಮರುಗಳಿಗೆ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ತೊಳೆದ ಕೈ ತೊಳೆದಾಗಿತ್ತು. ನಮ್ಮವರು ಎಲೆ ಎತ್ತಿ, ಹೊಸ ಎಲೆ ಹಾಸಿ, ಕೂತೇಬಿಟ್ಟರು.

"ಇದನ್ನೂ ನೀವ ಹೂಡಿದ್ರೇನ್ರಿ ಮಾವಾರ?" ಎಂದು ಫಕ್ಕೀರಪ್ಪ ಕಣ್ಣರಳಿಸಿದ.

"ಮತ್ತ್ಯಾರು?" ಎಂದೆ. ತಾನಾಗಿ ಬಂದ ಹೆಸರನ್ನು ಬೇಡವೆನ್ನುವುದು ವ್ಯಾಪಾರಿಯ ಲಕ್ಷಣವಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ, ಕೇಳುವವರಿಗೆಲ್ಲ ಬುದ್ಧಿ ಹೇಳಲು ನಿಂತೆ: "ನೋಡ್ರಿ, ಮನಷ್ಯಾಗ ರೂಢಿ ಅನ್ನೂದು ಹೆಂಗಿರತೈತಿ! ಕ್ಯಾಸೆಟ್ಟಿನಾಗಿನ ಸಪ್ಪಳಕ್ಕ ಎದ್ದು ಓಡೂದಂದ್ರ..."

"ಏನ್ರೀ! ಆ ಡಬ್ಬಿ ಬಿಟ್ಟು ಇಲ್ಲೆ ಬರ್ರಿ! ಹಾಲು ಉಕ್ಕಾಕತ್ತೈತಿ!"

"ಬಂದ್ನಿ, ಬಂದ್ನಿ!" ಎನ್ನುತ್ತ ನಾನು ಒಲೆಯ ಕಡೆ ಓಡಿದೆ. ಅರ್ಧ ಚಪ್ಪರ ದಾಟಿದ ಮೇಲೆ ಹಿಂತಿರುಗಿ ನೋಡಿದರೆ, ಹೆಂಡತಿ ನಾನು ನಿಂತಿದ್ದ ಜಾಗದ ಪಕ್ಕದಲ್ಲೇ ಸಾರಿನ ಬಕೆಟ್ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಹಾಲು ಉಕ್ಕಿದ್ದು ದಾಂಡೇಲಿಯಲ್ಲಿ, ಹಿಂದಿನ ವಾರ.